ಎಡಕ್ಕೆ ಎಳೆಯುವ ಕಾರು

ಗೌಸಮೊದ್ದೀನ ಚಪ್ಪಲಿ ಎಣಿಸುತ್ತಿದ್ದ. ಕಾಸಿಮಸಾಬನ ಮನೆಯ ಕಟ್ಟೆಯಿಂದ ಶುರುವಾದ ಚಪ್ಪಲಿಗಳು ಪಕ್ಕದ ಮನೆಯ ಬಾಗಿಲು ದಾಟಿ ಸಾರ್ವಜನಿಕ ನಲ್ಲಿಯವರೆಗೂ ಹೋಗಿದ್ದವು. ನೂರಾ ಹನ್ನೆರಡು ಜೊತೆಗೆ ಬಂದಿದ್ದಾಗ ಇಬ್ಬರು ಅವಸರದಲ್ಲಿ ಬಂದು ತಮ್ಮವನ್ನೂ ಅದೇ ರಾಶಿಯಲ್ಲಿ ಬಿಟ್ಟು ಒಳಗೆ ಹೋದರು, ಲೆಕ್ಕ ತಪ್ಪಿತು. ತಾನು ಸತ್ತ ದಿನ ಇಷ್ಟು ಚಪ್ಪಲಿ ಬಿದ್ದಾವೇ ಎಂದು ಯೋಚಿಸಿದ. ಅರ್ಧವೂ ಬೀಳುವುದಿಲ್ಲ ಎಂದು ತಾನೇ ತೀರ್ಮಾನಿಸಿ, ಸತ್ತ ಕಾಸಿಮಸಾಬನ ಮೇಲೆ ಸಿಟ್ಟಾದ.

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ತುಸು ಕಷ್ಟದ ಕೆಲಸವೇ. ಆದರೆ ನಲವತ್ತು ವರ್ಷದ ರೂಢಿ ಒಂದೇ ಬೆಳಗಿಗೆ ಬಿಟ್ಟುಹೋಗುವಂಥದ್ದಲ್ಲ. ಸಾಯುವುದರಲ್ಲೂ ಕಾಸಿಮಸಾಬನದೇ ಮೇಲುಗೈಯಾಗಿತ್ತು. ಬೆಳಗಿನ ನಮಾಜು ಮುಗಿಸಿ ಬಂದು, ಹೆಂಡತಿ ತಾಜಬಿ ಕೊಟ್ಟ ಚಹಾ ಕುಡಿದು, ಗೋಡೆಗೆ ಒರಗಿದವನು ಏಳಲೇ ಇಲ್ಲ. ಆಸ್ಪತ್ರೆಯಿಲ್ಲ, ಸೂಜಿಯಿಲ್ಲ, ಮಕ್ಕಳ ಕೈಲಿ ಬೈಸಿಕೊಂಡದ್ದಿಲ್ಲ. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎರಡನ್ನೂ ಸಾಕಿಕೊಂಡಿದ್ದ ಗೌಸಮೊದ್ದೀನನಿಗೆ ಇಂಥ ಸಲೀಸಾದ ಸಾವು ತನಗೆ ಸಿಗುವುದಿಲ್ಲವೆಂದು ಖಾತ್ರಿಯಿತ್ತು.

ಮನೆಯ ಎದುರಿಗೇ, ಹಳೇ ಹುಬ್ಬಳ್ಳಿಯ ಆ ಇಕ್ಕಟ್ಟಾದ ಓಣಿಯಲ್ಲಿ, ಕಾಸಿಮಸಾಬನ ಕಾರು ನಿಂತಿತ್ತು. ಬಲಗಡೆ ಬಿಳಿ ಬಣ್ಣ, ಎಡಗಡೆಯ ಎರಡೂ ಬಾಗಿಲಿಗೆ ಬಣ್ಣಕ್ಕೆ ಮುಂಚೆ ಬಳಿಯುವ ಬರೀ ಬೂದು ಅಸ್ತರು. ಗೌಸಮೊದ್ದೀನ ಬಂದಾಗಿನಿಂದ ಅದರ ಕಡೆ ಬೆನ್ನು ಮಾಡಿಯೇ ನಿಂತಿದ್ದ.

ದೇಶಪಾಂಡೆ ನಗರದಿಂದ ಬಂದ ಅರಳೆ ವ್ಯಾಪಾರಿ ಗುರುಸಿದ್ದಯ್ಯನವರಿಗೆ ಯಾರೋ ಕುರ್ಚಿ ತಂದುಕೊಟ್ಟರು. ಮೂವತ್ತು ವರ್ಷ ತಮ್ಮ ಗಾಡಿಗಳನ್ನೆಲ್ಲ ರಿಪೇರಿಗೆ ಕಾಸಿಮಸಾಬನ ಕೈಗೇ ಕೊಟ್ಟವರು ಅವರು. ವಿಭೂತಿಯ ಹಣೆ ಒರೆಸಿಕೊಳ್ಳುತ್ತ, ಆ ಕೈ ಇನ್ನು ಸಿಗುವುದಿಲ್ಲ ಎಂದು ಸುತ್ತಲಿದ್ದವರಿಗೆಲ್ಲ ಹೇಳಿದರು. ಆಮೇಲೆ ಕಾರು ನೋಡಿ ನಕ್ಕರು.

"ಇದಕ್ಕ ಬಣ್ಣರ ಹಚ್ಚಸೋ ಮಾರಾಯಾ, ನಾನ ಒಬ್ಬ ಪೇಂಟರನ್ನ ಕಳಸ್ತೇನಿ ಅಂದ್ನಿ. ಬ್ಯಾಡ್ರಿ ಸಾವಕಾರ, ನನ್ನ ಪೇಂಟರ ಬ್ಯಾರೆ ಅದಾನ, ಅಂವಗ ಟೈಮ್ ಸಿಕ್ಕಿಲ್ಲ ಅಂದ."

ಗೌಸಮೊದ್ದೀನ ಮತ್ತೆ ಚಪ್ಪಲಿಯ ಕಡೆ ನೋಡಿದ.

*

ಒಂದು ಕಾಲದಲ್ಲಿ ಇಬ್ಬರದೂ ಒಂದೇ ಶೆಡ್ಡು. ನುಜ್ಜಾದ ತಗಡನ್ನು ಬಡಿದು ನೆಟ್ಟಗೆ ಮಾಡುವವನು ಕಾಸಿಮಸಾಬ, ಅದರ ಮೇಲೆ ಬಣ್ಣ ಹೊಡೆಯುವವನು ಗೌಸಮೊದ್ದೀನ. ಜೋಡೆತ್ತು ಅನ್ನುತ್ತಿದ್ದರು ಜನ. ಆದರೆ ಗಾಡಿ ಒಯ್ಯಲು ಬಂದ ಗಿರಾಕಿ ಮಿರುಗುವ ಬಾಗಿಲ ಮೇಲೆ ಕೈಯಾಡಿಸಿ, "ಕಾಸಿಮಸಾಬ, ಗಾಡಿ ಹೊಸಾದ ಆಗೇತಿ ನೋಡೋ" ಅನ್ನುತ್ತಿದ್ದ. ಕಣ್ಣಿಗೆ ಕಾಣುವುದೆಲ್ಲ ಗೌಸಮೊದ್ದೀನನ ಬಣ್ಣ, ಹೆಸರು ಮಾತ್ರ ಆ ಬಣ್ಣದ ಕೆಳಗೆ ಕೆಲಸ ಮುಚ್ಚಿಹೋದವನಿಗೆ. ಇದನ್ನು ಇಪ್ಪತ್ತು ವರ್ಷ ನುಂಗಿದ. ಇಪ್ಪತ್ತೊಂದನೆಯ ವರ್ಷ ಕಂಪ್ರೆಸರು ಎತ್ತಿಕೊಂಡು ಹೋಗಿ, ರಸ್ತೆಯ ಆಚೆ ಬೇರೆ ಅಂಗಡಿ ಹಾಕಿದ. ಜಗಳವೇನೂ ಆಗಲಿಲ್ಲ. ಜಗಳವಾಡಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ.

ಜೀವಮಾನವೆಲ್ಲ ಮಂದಿಯ ಕಾರು ಬಡಿದ ಕಾಸಿಮಸಾಬ ಐವತ್ತೆಂಟನೆಯ ವಯಸ್ಸಿಗೆ ತನ್ನದೆಂದು ಒಂದು ಹಳೇ ಕಾರು ಕೊಂಡ. ಪೂರ್ತಿ ವಿಮೆಯನ್ನೂ ಮಾಡಿಸಿದ. ದಿನಾ ಬೆಳಿಗ್ಗೆ ಗೌಸಮೊದ್ದೀನನ ಅಂಗಡಿಯ ಮುಂದೆ ಬಂದಾಗ ಎರಡು ಸಲ ಹಾರ್ನು ಒತ್ತಿ, ಕೈ ಎತ್ತಿ ಹೋಗುತ್ತಿದ್ದ. ಅದು ಸಲಾಮೋ ಕೆಣಕೋ ಎಂದು ಗೌಸಮೊದ್ದೀನನಿಗೆ ಕೊನೆಗೂ ತಿಳಿಯಲಿಲ್ಲ. ಅಲ್ಲಾ, ಆ ಕಾರು ಒಂದು ಸಲ ಎಲ್ಲಾದರೂ ಗುದ್ದಲಿ ಎಂದು ಬೇಡಿಕೊಂಡದ್ದು ನಿಜ.

ಬೇಡಿದ ಎಂಟು ತಿಂಗಳಿಗೆ ಗುದ್ದಿತು. ಮುಗದ ಊರಿನ ಹತ್ತಿರ, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ. ಕಾಸಿಮಸಾಬನಿಗೆ ತುಟಿ ಒಡೆದಿತ್ತು ಅಷ್ಟೇ, ಕಾರಿನ ಎಡಮಗ್ಗುಲು ಮಾತ್ರ ಹಪ್ಪಳವಾಗಿತ್ತು. ವಿಮಾ ಕಂಪನಿಯ ಸರ್ವೇಯರು ನೋಡಿ, ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ, ಇದು ಗುಜರಿ ಎಂದು ಬರೆದ. ಅಂಥ ಕಾರಿಗೆ ಕಂಪನಿ ಪೂರ್ತಿ ಪರಿಹಾರ ಕೊಟ್ಟು, ಗುಜರಿಯನ್ನು ತಾನು ಮಾರಿಕೊಳ್ಳುತ್ತದೆ. ಮಾಲೀಕನಿಗೇ ಅದು ಬೇಕಾದರೆ, ಹೊರಗಿನ ಗುಜರಿಯವರು ಕೂಗಿದ ಎಲ್ಲಕ್ಕಿಂತ ಹೆಚ್ಚಿನ ಬೆಲೆಯನ್ನು ಪರಿಹಾರದಲ್ಲಿ ಮುರಿದುಕೊಂಡು ಕಾರು ವಾಪಸ್ಸು ಕೊಡುತ್ತದೆ.

ಕಾಸಿಮಸಾಬ ಕಾರು ಬಿಡುವವನಲ್ಲ ಎಂದು ಗೌಸಮೊದ್ದೀನನಿಗೆ ಗೊತ್ತಿತ್ತು. ಗುಜರಿ ಅಂಗಡಿ ಇಟ್ಟಿದ್ದ ಅಳಿಯ ಜುಲ್ಫಿಕಾರನನ್ನು ಕರೆದು, ಉಳಿದವರು ಕೂಗಿದ್ದರ ಎರಡರಷ್ಟು ಕೂಗು ಎಂದ. ಅಳಿಯ ಬೆಚ್ಚಿ, ಒಂದು ಸಲ ಗಾಡಿಯನ್ನಾದರೂ ನೋಡಿ ಬರೋಣ ಎಂದ. ನೋಡುವುದೇನು ಬೇಕಿಲ್ಲ, ಅವನು ಬಿಡುವುದಿಲ್ಲ, ನಮ್ಮ ಕೊರಳಿಗೆ ಬರುವುದಿಲ್ಲ ಎಂದ ಗೌಸಮೊದ್ದೀನ. ಹಾಗೆಯೇ ಆಯಿತು. ಕಾಸಿಮಸಾಬ ತುಟಿಪಿಟಕ್ಕೆನ್ನದೆ ಅಷ್ಟನ್ನೂ ಮುರಿಸಿಕೊಂಡು ಕಾರು ಮನೆಗೆ ತಂದ. ಒಂದು ವರ್ಷದ ರವಿವಾರಗಳನ್ನೆಲ್ಲ ಅದಕ್ಕೆ ಕೊಟ್ಟು, ಬಡಿದು ಬಡಿದು ಎಬ್ಬಿಸಿದ. ಒಂದು ಸಂಜೆ ಗೌಸಮೊದ್ದೀನನ ಅಂಗಡಿಗೆ ಬಂದು, ಎಡಬಾಗಿಲಿಗೆ ಬಣ್ಣ ಹೊಡೆದುಕೊಡು ಎಂದು ಕೇಳಿದ. ಟೈಮಿಲ್ಲ ಎಂದ ಗೌಸಮೊದ್ದೀನ.

ಮತ್ತೆ ಬೆಳಿಗ್ಗೆ ಬೆಳಿಗ್ಗೆ ಹಾರ್ನು ಶುರುವಾಯಿತು. ಅದನ್ನು ತಾಳಲಾರದೆ ಗೌಸಮೊದ್ದೀನ ಚಹಾದಂಗಡಿಯಲ್ಲಿ ಒಂದು ಮಾತು ಹಬ್ಬಿಸಿದ. ಗುದ್ದಿದ ಗಾಡಿಯ ಚಾಸಿ, ಅಂದರೆ ಅದರ ಬೆನ್ನೆಲುಬು, ಸೊಟ್ಟಗಾದರೆ ಮುಗಿಯಿತು. ಸ್ಟೀರಿಂಗು ಬಿಟ್ಟರೆ ಸಾಕು, ಒಂದು ಮಗ್ಗುಲಿಗೆ ಎಳೆಯುತ್ತದೆ. ಕಾಸಿಮನ ಕಾರು ಎಡಕ್ಕೆ ಎಳೆಯುತ್ತದೆ ಎಂದು ಆರು ವರ್ಷ ಹೇಳಿದ. ನೀ ಯಾವಾಗ ಅದರಲ್ಲಿ ಕುಳಿತಿದ್ದೆ ಎಂದು ಯಾರೋ ಒಮ್ಮೆ ಕೇಳಿದಾಗ, ಕೂರುವುದೇನು ಬೇಕು, ಹೋಗುವಾಗಲೇ ತಿಳಿಯುತ್ತದೆ ಎಂದ. ಹೇಳಿ ಹೇಳಿ ಅವನೇ ಅದನ್ನು ನಂಬಿದ್ದ. ಅಷ್ಟೂ ವರ್ಷ ಅವನು ನೆಮ್ಮದಿಯಾಗಿ ಊಟ ಮಾಡಿದ್ದು ಆ ಒಂದು ನಂಬಿಕೆಯ ಮೇಲೆ.

*

ಶವ ಮಲಗಿಸಿದ ಜನಾಜಾ ಅಂಗಳಕ್ಕೆ ಬಂತು. ಒಳಗೆ ತಾಜಬಿಯ ಅಳು ಒಮ್ಮೆ ಏರಿ ಇಳಿಯಿತು. ಮಗ ಫರಾಜ ತಲೆಗೆ ಟೋಪಿ ಸರಿಮಾಡಿಕೊಂಡು ಎಲ್ಲರ ಮುಂದೆ ನಿಂತು, ಮಣ್ಣಿಗೆ ಒಯ್ಯುವ ಮುಂಚೆ ಮನೆಯವರು ಕೇಳಬೇಕಾದ ಮಾತು ಕೇಳಿದ.

"ನಮ್ಮ ಅಬ್ಬಾನಿಂದ ಯಾರಿಗೆರ ನೋವಾಗಿದ್ರ ಮಾಫ ಮಾಡ್ರಿ. ಯಾರ್ದರ ಕೊಡೋದು ಉಳಿದಿದ್ರ ನನಗ ಹೇಳ್ರಿ, ನಾ ಕೊಡ್ತೇನಿ."

ಮಾಫ, ಮಾಫ ಎಂದು ಅಂಗಳದ ತುಂಬ ದನಿ ಎದ್ದಿತು. ಗುರುಸಿದ್ದಯ್ಯನವರೂ ಕೈಮುಗಿದು ಮಾಫ ಎಂದರು. ಗೌಸಮೊದ್ದೀನ ಮಾತ್ರ ಕಾರಿನ ಕಡೆ ತಿರುಗಿದ. ತಾನು ಮಾಫ ಮಾಡುವುದೇನನ್ನು? ಸುಲಿದವನು ಸುಲಿಸಿಕೊಂಡವನಿಗೆ ಕ್ಷಮೆ ಕೊಡುವುದೆಂದರೆ ಅದು ಅಲ್ಲಾನ ಎದುರಿಗೇ ಆಡುವ ಸುಳ್ಳು. ಇನ್ನು ತಾನು ಕೇಳೋಣವೆಂದರೆ, ಕೊಡಬೇಕಾದವನು ಬಿಳಿ ಬಟ್ಟೆಯಲ್ಲಿ ಮಲಗಿದ್ದಾನೆ. ಸತ್ತವನ ಪರವಾಗಿ ಕೇಳುವ ಪದ್ಧತಿಯಿದೆ, ಸತ್ತವನನ್ನು ಕೇಳುವ ಪದ್ಧತಿಯಿಲ್ಲ. ಈ ಭಾರ ಹೊತ್ತುಕೊಂಡು ಅವನ ಜನಾಜಾಕ್ಕೆ ಹೆಗಲು ಹೇಗೆ ಕೊಡಲಿ ಎಂದು ಅವನಿಗೆ ನಿಜಕ್ಕೂ ಭಯವಾಯಿತು.

ಜನ ಚಪ್ಪಲಿ ಹುಡುಕುವ ಗದ್ದಲದಲ್ಲಿ ಅವನು ಫರಾಜನ ತೋಳು ಹಿಡಿದು ಕಾರಿನ ಪಕ್ಕಕ್ಕೆ ಎಳೆದ.

"ಫರಾಜ, ನಿಮ್ಮಪ್ಪಗ ಕೊಡೋದು ನನ್ನ ಮ್ಯಾಲ ಐತಿ. ಕಂಪನ್ಯಾಗ ಈ ಗಾಡಿ ಬೆಲಿ ಏರಿಸಿದಾಂವ ನಾನ. ಜುಲ್ಫಿಕಾರನ ಹೆಸರಿಲೆ. ನೀನರ ಮಾಫ ಮಾಡು."

ಫರಾಜನ ಕಣ್ಣುಗಳು ಅತ್ತು ಊದಿದ್ದವು. ಅವನಿಗೆ ಸಿಟ್ಟು ಬರುತ್ತದೆ, ನಾಲ್ಕು ಮಂದಿಯ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಗೌಸಮೊದ್ದೀನ ಕಾದ. ಫರಾಜ ಗಡಿಬಿಡಿಯಲ್ಲಿ ಮೂಗು ಒರೆಸಿಕೊಂಡ.

"ಅದ ಅಬ್ಬಾಗ ಅವತ್ತ ಗೊತ್ತಿತ್ರಿ ಚಾಚಾ. ಕಾಗದದಾಗ ಜುಲ್ಫಿಕಾರನ ಅಂಗಡಿ ಹೆಸರು ಇತ್ತಲ್ಲ. ಅಮ್ಮಿ ಬ್ಯಾಡ ಅಂದ್ಲು, ರೊಕ್ಕ ತೊಗೊಂಡು ಗಾಡಿ ಬಿಡ್ರಿ ಅಂದ್ಲು. ಅಬ್ಬಾನೂ ಬಿಡೂದ ಅಂತಿದ್ದ. ನಿಮ್ಮ ಬೆಲಿ ನೋಡಿ ಮನಸು ತಿರಿಗಿಸಿದ."

"ಏನಂದ?"

"ಕಂಪನಿಯಾಂವಗ ತಗಡು ಲೋಖಂಡ ಏನ ತಿಳೀತೈತಿ? ಗೌಸ ಇಷ್ಟು ಕೂಗ್ಯಾನಂದ್ರ ಚಾಸಿ ನೆಟ್ಟಗೈತಿ. ಅಂವ ನೋಡದ ಬೆಲಿ ಕಟ್ಟಾಂವಲ್ಲ, ಅಂದ."

ಆಮೇಲೆ ಫರಾಜ ಕಿಸೆಯಿಂದ ಚಾವಿ ತೆಗೆದು ಅವನ ಕೈಗಿಟ್ಟು, ಕಾರು ಅಡ್ಡ ನಿಂತರೆ ಜನಾಜಾ ಓಣಿ ದಾಟುವುದಿಲ್ಲ, ಶಾಲೆಯ ಬಯಲಿನ ತನಕ ಒಯ್ದು ನಿಲ್ಲಿಸಿ ಎಂದು ಹೇಳಿ ಓಡಿದ.

ಗೌಸಮೊದ್ದೀನ ಚಾವಿ ಹಿಡಿದು ನಿಂತ. ಭಾರ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ತಾನು ಹಾಳು ಮಾಡಲೆಂದು ಕೂಗಿದ ಬೆಲೆಯನ್ನು ಕಾಸಿಮ ಉಸ್ತಾದನ ತೀರ್ಪು ಎಂದುಕೊಂಡು ತಲೆಯ ಮೇಲಿಟ್ಟುಕೊಂಡಿದ್ದ. ಗೌಸಮೊದ್ದೀನನ ಕಣ್ಣಳತೆಗೆ ಜೀವಮಾನದಲ್ಲಿ ಅಷ್ಟು ದೊಡ್ಡ ಮರ್ಯಾದೆ ಬೇರೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟವನು ಕಾಸಿಮನೇ ಆಗಬೇಕಾಗಿತ್ತೇ? ಅದೂ, ನೋಡದೇ ಕಟ್ಟಿದ ಬೆಲೆಗೆ?

ಇನ್ನು ಉಳಿದದ್ದು ಒಂದೇ. ಚಾಸಿ ಸೊಟ್ಟಗಿದ್ದರೆ ಕಾಸಿಮ ಮೋಸಹೋದ ಒಬ್ಬ ಪೆದ್ದ, ಅಷ್ಟೇ. ಅದನ್ನಾದರೂ ದೇವರು ತನಗೆ ಉಳಿಸಿರಬಹುದು.

ಬೂದು ಬಾಗಿಲನ್ನು ಸುತ್ತಿಬಂದು, ಮೊದಲ ಸಲ ಆ ಕಾರಿನಲ್ಲಿ ಕುಳಿತ. ಸೀಟು ಎತ್ತರದ ಆಳಿಗೆಂದು ಹಿಂದಕ್ಕಿತ್ತು, ಇವನು ಗಿಡ್ಡ. ಸೀಟಿನ ಅಂಚಿಗೆ ಬಂದು, ಕಾಲಿನ ತುದಿಯಲ್ಲಿ ಕ್ಲಚ್ಚು ಒತ್ತಿದ. ಎಂಜಿನು ಒಂದೇ ತಿರುವಿಗೆ ಎದ್ದಿತು. ಓಣಿ ದಾಟಿದ ಮೇಲೆ ಶಾಲೆಯ ಬಯಲಿನವರೆಗೆ ಹೊಸದಾಗಿ ಹಾಕಿದ ಸಿಮೆಂಟು ರಸ್ತೆ, ಹಲಗೆಯ ಹಾಗೆ ಸಪಾಟು. ಎದುರಿಗೆ ಯಾರೂ ಇರಲಿಲ್ಲ.

ಗೌಸಮೊದ್ದೀನ ಎರಡೂ ಕೈಗಳನ್ನು ಸ್ಟೀರಿಂಗಿನಿಂದ ತೆಗೆದ. ಎಳೆ, ಎಂದು ಬೇಡಿಕೊಂಡ. ಒಂದು ಬೆರಳಿನಷ್ಟಾದರೂ ಎಡಕ್ಕೆ ಎಳೆ.

ಕನ್ನಡಿಯಲ್ಲಿ ಓಣಿಯ ಬಾಯಿಯಿಂದ ಜನಾಜಾ ಹೊರಬಂತು. ಹೆಗಲು ಕೊಡಲು ಜನ ಒಬ್ಬರನ್ನೊಬ್ಬರು ಸರಿಸಿಕೊಂಡು ನುಗ್ಗುತ್ತಿದ್ದರು. ಗೌಸಮೊದ್ದೀನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೇ ಇದ್ದ, ಕಾರು ನೆಟ್ಟಗೆ ಹೋಗುತ್ತಲೇ ಇತ್ತು.