ದಾಟಬಾರದ ಲಂಗ

“ಕೈ ಎತ್ತೇ, ಕೋತಿ. ಇನ್ನೂ ಮೇಲೆ. ಕಂಕುಳು ಕಾಣ್ಬೇಕು.”

ಸಾರ್ಜೆಂಟ್ ಕೊಲೆವ್ ಹೀಗೆಂದವನೇ ನನ್ನ ಮುಖಕ್ಕೆ ಪಂಪು ಹಿಡಿದ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಪಂಪು ಅದು. ಕ್ಲೋರಿನ್ ನೀರು ಕಣ್ಣಿಗೆ ನುಗ್ಗಿತು. ಮಾಸ್ಕು ನೆನೆದು ಮೂಗಿಗೆ ಅಂಟಿ ಉಸಿರು ಕಟ್ಟಿತು. ಕೆಮ್ಮಿದೆ. ಕೆಮ್ಮಿದ್ದೇ ತಪ್ಪಾಯಿತು.

“ನೋಡ್ರೋ, ಕೆಮ್ತಾಳೆ! ಮೈತುಂಬ ರೋಗ ಈ ಮುಂಡೇಗೆ.” ಎರಡನೇ ಸಲ ಬಾಯಿಗೇ ಗುರಿಯಿಟ್ಟು ಹೊಡೆದ. ಹಿಂದಿದ್ದ ಪೊಲೀಸರು ನಕ್ಕರು.

“ಈಗಷ್ಟೇ ನಿಮ್ಮನೆ ಮುಂದಿನ ಬೀದಿ ಗುಡಿಸ್ ಬಂದಿದೀನಿ ಸಾರ್,” ಎಂದೆ. “ನನ್ ರೋಗ ಅಲ್ಲೇ ಎಲ್ಲೋ ಉದುರಿರ್ಬೇಕು, ನೋಡ್ಕೊಳಿ.”

ತೊಡೆಯ ಹಿಂಭಾಗಕ್ಕೆ ಲಾಠಿ ಬಿತ್ತು. ಸ್ತೋಯ್ಕಾ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬೇಲಿಯೊಳಗೆ ಓಡಿದಳು. ಅವಳೂ ನನ್ನ ಹಾಗೆ ಕಸ ಗುಡಿಸುವವಳು, ನನ್ನ ಪಕ್ಕದ ಮನೆಯವಳು. “ನಿನ್ ನಾಲಿಗೆಗೆ ಬೀಗ ಹಾಕೇ ರುಸಾ,” ಎಂದು ದಾರಿಯುದ್ದಕ್ಕೂ ಬೈದಳು. “ನಿನಗೆ ಬೀಳೋ ಏಟು ನೋಡಿ ನೋಡಿ ನನ್ ಬೆನ್ನು ನೋಯ್ತದೆ.”

ರೋಗ ಬಂದದ್ದು ಇಡೀ ಊರಿಗೆ. ಬೇಲಿ ಬಂದದ್ದು ನಮ್ಮ ಮೊಹಲ್ಲಾಕ್ಕೆ ಮಾತ್ರ. ಕಾಂಕ್ರೀಟು ದಿಮ್ಮಿ ಅಡ್ಡ ಹಾಕಿ, ತಂತಿ ಎಳೆದು, ಜಿಪ್ಸಿಗಳು ಹೊರಗೆ ಬರಕೂಡದು ಎಂದರು. ಗುಜರಿ ಆಯುವವರು, ಗಾರೆ ಕೆಲಸದವರು, ಪಾತ್ರೆಗೆ ಕಲಾಯಿ ಹಾಕುವವರು ಎಲ್ಲರೂ ಮನೆಯಲ್ಲಿ ಕೂತರು. ಜರ್ಮನಿಯ ಕಸಾಯಿಖಾನೆಗೆ ದುಡಿಯಲು ಹೋದ ನನ್ನ ಗಂಡ ಅಲ್ಲೇ ಸಿಕ್ಕಿಬಿದ್ದ. ಆದರೆ ಊರಿನ ಕಸ ಯಾರು ಗುಡಿಸಬೇಕು? ಅದಕ್ಕೆ ನಮ್ಮ ಹೆಂಗಸರಿಗೆ ಮಾತ್ರ ಕಿತ್ತಳೆ ಅಂಗಿ ತೊಡಿಸಿ ಮಬ್ಬುಗತ್ತಲಲ್ಲಿ ಹೊರಗೆ ಬಿಡುತ್ತಿದ್ದರು. ಬೀದಿ ಗುಡಿಸುವಷ್ಟು ಹೊತ್ತು ನಾವು ಮನುಷ್ಯರು, ಬಿಸಿಲೇರಿದ ಮೇಲೆ ಮತ್ತೆ ರೋಗ.

ಓಣಿಯಲ್ಲಿ ಆಗಲೇ ಹೊಗೆ ಎದ್ದಿತ್ತು. ನನ್ನ ಮಾವ ಡಿಂಕೊ, ಇಡೀ ಓಣಿಗೆ ಯಜಮಾನ, ಕೊಪ್ಪರಿಗೆಯ ಮುಂದೆ ಟೋಪಿ ಹಾಕಿಕೊಂಡು ಕೂತಿದ್ದ. ತಾಮ್ರದ ಆ ಕೊಪ್ಪರಿಗೆಯನ್ನು ಅವನೇ ಬಡಿದು ಮಾಡಿದ್ದು, ಒಳಗೆ ಬೆಳ್ಳಗೆ ಕಲಾಯಿ ಹಾಕಿದ್ದು. ಮದುವೆಗಳಿಗೆ ಮಾತ್ರ ಹೊರಗೆ ಬರುತ್ತಿತ್ತು. ಬೇಲಿ ಹಾಕಿದ ವಾರವೇ ಮಾವ ಅದನ್ನು ಉರುಳಿಸಿಕೊಂಡು ಬಂದು ಓಣಿಯ ನಡುವೆ ಒಲೆ ಹೂಡಿದ. “ಮನೆಗೊಂದು ಒಲೆ ಉರಿಸಿ ಮನೆಗೊಬ್ರಂಗೆ ಯಾಕ್ ಸಾಯ್ತೀರಿ? ಏನಿದ್ಯೋ ತಂದು ಇದ್ರೊಳಗೆ ಹಾಕಿ,” ಎಂದ. ಒಬ್ಬರು ಬೀನ್ಸ್ ಕಾಳು ತಂದರು, ಒಬ್ಬರು ಈರುಳ್ಳಿ, ಒಬ್ಬರು ಸೂರ್ಯಕಾಂತಿ ಎಣ್ಣೆ. ಏನೂ ಇಲ್ಲದವರು ಮುರಿದ ಕುರ್ಚಿ ತಂದು ಒಲೆಗಿಟ್ಟರು. ಅಂದಿನಿಂದ ಇಡೀ ಓಣಿಯ ಊಟ ಅದರಲ್ಲೇ. ಅದೊಂದು ಕೊಪ್ಪರಿಗೆ ಇಲ್ಲದಿದ್ದರೆ ರೋಗಕ್ಕಿಂತ ಮೊದಲು ಹಸಿವೇ ನಮ್ಮನ್ನು ತಿನ್ನುತ್ತಿತ್ತು.

“ಏಪ್ರನ್ ಕಟ್ಕೋ,” ಎಂದ ಮಾವ ನನ್ನ ಮುಖವನ್ನೂ ನೋಡದೆ.

“ಕಟ್ಕೋತೀನಿ ಮಾವ. ಕಣ್ಣುರೀತದೆ, ತಡಿ.”

“ಕಣ್ಣು ಆಮೇಲೆ ಉರೀಲಿ. ಮೊದ್ಲು ಏಪ್ರನ್ನು.”

ನಮ್ಮಲ್ಲಿ ಹೆಂಗಸಿನ ಲಂಗ ಸೋಕಿದ ಅನ್ನ ಮೈಲಿಗೆ, ಲಂಗಕ್ಕೂ ಅನ್ನಕ್ಕೂ ನಡುವೆ ಏಪ್ರನ್ ಇರಲೇಬೇಕು. ಲಂಗ ಸೋಕಿದ ಪಾತ್ರೆಯನ್ನು ಎಸೆಯಬೇಕು, ಎಷ್ಟು ತೊಳೆದರೂ ಅದು ಶುದ್ಧವಾಗದು. ಲಂಗ ತಲೆಗೆ ಸೋಕಿದ ಗಂಡಸಿನ ಜೊತೆ ಯಾರೂ ಉಣ್ಣುವುದಿಲ್ಲ, ಅವನು ಮುಟ್ಟಿದ್ದನ್ನು ಯಾರೂ ಮುಟ್ಟುವುದಿಲ್ಲ. ಹಿಂದಿನ ದಿನ ಸ್ತೋಯ್ಕಾಳ ಲಂಗದ ಅಂಚು ಸೌಟಿಗೆ ತಗಲಿತೆಂದು ಮಾವ ಒಳ್ಳೆಯ ಸೌಟನ್ನೇ ಕಸಕ್ಕೆಸೆದಿದ್ದ. ಬೇಲಿಯಾಚೆಯವರು ನಮ್ಮನ್ನು ಕೊಳಕರು ಅನ್ನುತ್ತಾರೆ. ತಮ್ಮ ಒಳಚಡ್ಡಿಯನ್ನೂ ಮೇಜುಬಟ್ಟೆಯನ್ನೂ ಒಂದೇ ಯಂತ್ರದಲ್ಲಿ ತಿರುಗಿಸುವ ಜನ ಅವರು.

ಸಾರು ಕುದಿದ ಮೇಲೆ ನಾನು ಮೊದಲು ಅದೇ ಓಣಿಯ ಎರಿನಾಳ ಮನೆಗೆ ಒಯ್ದೆ. ಅವಳಿಗೆ ರೋಗ ತಗಲಿತ್ತು. ಕೊಲೆವ್‌ನೇ ಬಂದು ಅವಳ ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಿ, ಒಳಗಿನ ಗಾಳಿ ಸೋಕೀತೆಂದು ಓಡಿಹೋಗಿದ್ದ. ಒಳಗೆ ಅವಳ ಮೂರು ಮಕ್ಕಳೂ ಇದ್ದವು. ಪಾತ್ರೆಯನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಕೋಲಿನಿಂದ ಬಾಗಿಲು ಬಡಿದೆ.

“ಇನ್ನೂ ಸತ್ತಿಲ್ಲ ಕಣೇ!” ಒಳಗಿಂದ ಎರಿನಾ ಕೂಗಿದಳು. “ನಿನ್ನೆ ಸಾರಿಗೆ ಉಪ್ಪು ಕಮ್ಮಿ ಇತ್ತು.”

“ನಾಲಿಗೆಗೆ ರುಚಿ ಗೊತ್ತಾಯ್ತಲ್ಲ, ಬದುಕ್ತೀಯ ಬಿಡು,” ಎಂದೆ. ಅವಳು ನಗಲು ಹೋಗಿ ಕೆಮ್ಮಿದಳು.

ನಾನು ವಾಪಸು ಬರುವಷ್ಟರಲ್ಲಿ ಗಾವ್ರಿಲ್ ಬಂದು ಒಲೆಯ ಮುಂದೆ ನಿಂತಿದ್ದ. ಅವನೂ ನಮ್ಮವನೇ. ಓಣಿಯ ತುದಿಯಲ್ಲಿ ಅವನ ಅಂಗಡಿ. ಚುನಾವಣೆ ಬಂದಾಗ ನಮ್ಮ ವೋಟುಗಳನ್ನು ಕಟ್ಟುಕಟ್ಟಾಗಿ ಮಾರಿಕೊಳ್ಳುವವನು. ಬೇಲಿ ಬಿದ್ದ ಮೇಲೆ ಕೊಲೆವ್‌ನ ಕೈ ಬೆಚ್ಚಗೆ ಮಾಡಿ, ತನ್ನ ವ್ಯಾನು ಬಿಟ್ಟು ಬೇರೆ ಯಾವ ವ್ಯಾನೂ ಒಳಗೆ ಬರದ ಹಾಗೆ ನೋಡಿಕೊಂಡಿದ್ದ. ಹಿಟ್ಟಿನ ಬೆಲೆ ಬಾಯಿಗೆ ಬಂದಷ್ಟು ಹೇಳುತ್ತಿದ್ದ. ಕೊಪ್ಪರಿಗೆ ಹೊರಗೆ ಬಂದಾಗಿನಿಂದ ಅವನ ಅಂಗಡಿಯ ಬ್ರೆಡ್ಡು ಒಣಗಿ ಕಲ್ಲಾಗುತ್ತಿತ್ತು.

“ಯಜಮಾನ, ಒಲೆ ಆರ್ಸು,” ಎಂದ. “ಗುಂಪು ಸೇರಬಾರ್ದು ಅಂತ ಕಾನೂನೈತೆ.”

“ನಿನ್ನಂಗಡಿ ಮುಂದೆ ಜನ ಸಾಲು ನಿಂತಾಗ ನಿನ್ ಕಾನೂನು ಎಲ್ಲೋಗಿತ್ತಪ್ಪಾ? ಉಚ್ಚೆ ಹುಯ್ಯಕ್ಕಾ?” ಎಂದ ಮಾವ.

ಓಣಿಯವರು ನಕ್ಕರು. ಗಾವ್ರಿಲ್‌ನ ಕಿವಿ ಕೆಂಪಾಯಿತು. “ನಾಳೆ ನಗಿಸ್ತೀನಿ ನಿಮ್ಮನ್ನ. ನಿಮ್ ಹಲ್ಲೆಲ್ಲ ಉದುರೋವರ್ಗೂ ನಗಿಸ್ತೀನಿ, ಬೋಳಿಮಕ್ಳಾ.”

ಮಾತಿಗೆ ತಪ್ಪಲಿಲ್ಲ. ಮರುದಿನ ಮಧ್ಯಾಹ್ನ, ಎಲ್ಲರೂ ಪಾತ್ರೆ ಹಿಡಿದು ದೂರ ದೂರ ನಿಂತಿದ್ದಾಗ, ಕೊಲೆವ್ ತನ್ನ ಪೊಲೀಸರನ್ನು ಕಟ್ಟಿಕೊಂಡು ಬಂದ. ಬಂದವರೇ ಗಂಡಸರ ಎದೆಗೆ ಬಂದೂಕು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದರು. ಕೊಲೆವ್ ನೇರ ಬಂದು ಒಲೆಯ ಕಲ್ಲಿಗೆ ಬೂಟುಗಾಲಿನಿಂದ ಒದ್ದ. ಕೊಪ್ಪರಿಗೆ ವಾಲಿತು, ಕುದಿಯುವ ಸಾರು ಹರಿದು ಸ್ತೋಯ್ಕಾಳ ಪಾದ ಮುಳುಗಿಸಿತು. ಅವಳ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಇಡೀ ಓಣಿಯ ಊಟವನ್ನು ಮಣ್ಣು ಕುಡಿಯಿತು.

ಮಾವ ಓಡಿಬಂದು ಕೊಪ್ಪರಿಗೆಯ ಬಳೆಯನ್ನು ತಬ್ಬಿ ಹಿಡಿದ. ತಾಮ್ರ ಸುಡುತ್ತಿತ್ತು, ಆದರೂ ಬಿಡಲಿಲ್ಲ. “ಇದು ನನ್ನ ಕೈಯಾರೆ ಮಾಡಿದ್ದು ಸಾರ್, ಬ್ಯಾಡ ಸಾರ್,” ಎಂದ. ಅವನ ಬಾಯಲ್ಲಿ ಸಾರ್ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

“ಯಾವ ಕೈ? ಇದಾ?” ಎಂದು ಕೊಲೆವ್ ಲಾಠಿ ಎತ್ತಿದ. ಮಾವನ ಬಲಗೈ ಬೆರಳುಗಳ ಮೇಲೆ ಹೊಡೆದ, ಮತ್ತೆ ಹೊಡೆದ, ಬೆರಳು ಬೆರಳಿನಂತೆ ಕಾಣದಾಗುವವರೆಗೂ ಹೊಡೆದ. ಮಾವ ಕೆಸರಿನಲ್ಲಿ ಮಂಡಿಯೂರಿ ಕೂತು ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ.

“ಇದು ಸಾಕ್ಷಿ ಸಾಮಾನು. ಎತ್ತಿ ವ್ಯಾನಿಗೆ ಹಾಕ್ರೋ,” ಎಂದ ಕೊಲೆವ್.

ಗಾವ್ರಿಲ್ ತನ್ನಿಬ್ಬರು ಅಳಿಯಂದಿರನ್ನು ಕರೆದುಕೊಂಡು ಮುಂದೆ ಬಂದ. ಮೂವರೂ ದಪ್ಪ ಕೈಗವಸು ಹಾಕಿಕೊಂಡಿದ್ದರು. ಮನೆಯಿಂದಲೇ ತಯಾರಾಗಿ ಬಂದಿದ್ದರು ಹಾದರಗಿತ್ತಿ ಮಕ್ಕಳು! “ತಾಮ್ರ ಒಳ್ಳೆ ತೂಕ ಐತೆ ಯಜಮಾನ,” ಎಂದು ಗಾವ್ರಿಲ್ ಮಾವನ ತಲೆಯ ಮೇಲಿಂದಲೇ ಹೇಳಿ ನಕ್ಕ.

ನಾನು ಏಪ್ರನ್ ಕಿತ್ತು ಬಿಸಾಕಿದೆ. ಮೇಲಿನ ಲಂಗದ ಲಾಡಿ ಬಿಚ್ಚಿ, ಒಳಲಂಗದಲ್ಲೇ ನಿಂತು, ಬಗ್ಗಿದ್ದ ಗಾವ್ರಿಲ್‌ನ ತಲೆಗೆ ಲಂಗ ಬೀಸಿದೆ. ಕತ್ತಿನವರೆಗೂ ಎಳೆದು, ಲಾಡಿ ಬಿಗಿದು, ಕೊಪ್ಪರಿಗೆಯಿಂದ ಆಚೆಗೆ ಕೆಡವಿ, ಅವನ ಬೆನ್ನೇರಿ ಕೂತೆ.

ಪೊಲೀಸರು ಬಿದ್ದು ಬಿದ್ದು ನಕ್ಕರು. “ಮದ್ವೆ ಆಗ್ತಾ ಇದಾಳೆ ಕಣ್ರೋ!” ಎಂದ ಒಬ್ಬ.

ಓಣಿ ಮಾತ್ರ ಸ್ತಬ್ಧವಾಯಿತು. ಅಳಿಯಂದಿರಿಬ್ಬರೂ ಕೊಪ್ಪರಿಗೆಯನ್ನು ಬಿಟ್ಟು, ತಮ್ಮ ಮಾವ ಗಾವ್ರಿಲ್‌ನನ್ನೂ ಬಿಟ್ಟು, ಹಿಂದೆ ಹಿಂದೆ ಸರಿದರು. ಲಂಗದೊಳಗಿಂದ ಗಾವ್ರಿಲ್ ಊಳಿಟ್ಟ. “ತೆಗೀರೋ! ಯಾರಾದ್ರೂ ತೆಗೀರೋ! ಸತ್ತೆ ನಾನು!”

ಏನಾಗುತ್ತಿದೆ ಎಂದು ಕೊಲೆವ್‌ಗೆ ತಿಳಿಯಲಿಲ್ಲ. ತಿಳಿಯದ್ದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂದಿರಬೇಕು. ನನ್ನ ಬೆನ್ನಿಗೆ, ಕತ್ತಿಗೆ, ಬಾಯಿಗೆ ಹೊಡೆದ. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ನಾನು ಬಿಡಲಿಲ್ಲ. ಸುಟ್ಟ ಕಾಲಿನಲ್ಲೇ ತೆವಳಿ ಬಂದ ಸ್ತೋಯ್ಕಾ ತನ್ನ ಲಂಗವನ್ನೂ ಬಿಚ್ಚಿ ಗಾವ್ರಿಲ್‌ನ ಮೇಲೆಸೆದಳು. ಆಮೇಲೆ ಓಣಿಯ ಹೆಂಗಸರೆಲ್ಲರೂ ಎಸೆದರು. ನಾನು ಏಟು ತಾಳಲಾರದೆ ಕೆಳಗುರುಳಿದಾಗ ಅವನ ಮೇಲೆ ಲಂಗಗಳ ರಾಶಿಯೇ ಇತ್ತು.

ಪೊಲೀಸರೇ ಕೊಪ್ಪರಿಗೆ ಎತ್ತಲು ಹೋಗಿ ಕೈ ಸುಟ್ಟುಕೊಂಡರು. ಕೊಲೆವ್ ಅದಕ್ಕೊಂದು ಒದೆ ಕೊಟ್ಟು, “ನಾಳೆ ಲಾರಿ ತರ್ತೀನಿ. ಪಾತ್ರೇನೂ ನಿಮ್ಮನ್ನೂ ಒಟ್ಟಿಗೆ ತುಂಬ್ತೀನಿ, ಜಿಪ್ಸಿ ನಾಯಿಗಳಾ,” ಎಂದು ಹೋದ.

ಗಾವ್ರಿಲ್ ಲಂಗಗಳ ಕೆಳಗಿಂದ ತೂರಿಕೊಂಡು ಎದ್ದು ಮನೆಗೆ ಓಡಿದ. ಅವನ ಹೆಂಡತಿ ಮಿಂಕಾ ಕಿಟಕಿಯಿಂದಲೇ ಎಲ್ಲ ನೋಡಿದ್ದಳು. ಬಾಗಿಲು ಜಡಿದು ಒಳಗಿಂದ ಅಗಳಿ ಹಾಕಿಕೊಂಡಳು.

“ಮಿಂಕಾ, ಬಾಗ್ಲು ತೆಗಿಯೇ! ನಿನ್ ಗಂಡ ಕಣೇ!”

“ಗಂಡ ಬೆಳಿಗ್ಗೆ ಹೋದ. ನೀನ್ಯಾವನೋ ನಂಗೊತ್ತಿಲ್ಲ,” ಎಂದಳು.

ಅಂಗಡಿಯಲ್ಲಿ ಹಿಟ್ಟು, ಕಾಳು, ಎಣ್ಣೆ ಎಲ್ಲ ಇತ್ತು. ನಮ್ಮಲ್ಲಿದ್ದದ್ದೆಲ್ಲ ಚೆಲ್ಲಿದ ಸಾರಿನಲ್ಲೇ ಹೋಗಿತ್ತು, ಮೊಹಲ್ಲಾದಲ್ಲಿ ಇನ್ನೆಲ್ಲೂ ಏನೂ ಇರಲಿಲ್ಲ. ಆದರೆ ಅದು ಗಾವ್ರಿಲ್‌ನ ಸಾಮಾನು, ಮೈಲಿಗೆಯಾದವನ ಸಾಮಾನು. ಹಸಿದ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಹೆಂಗಸರು ಅಂಗಡಿಯ ಮುಂದೆ ನಿಂತರು. ಯಾರೂ ಮೆಟ್ಟಿಲು ಹತ್ತಲಿಲ್ಲ. ನಾನು ಮಾಡಿದ ಕೆಲಸಕ್ಕೆ ಇಡೀ ಓಣಿ ಉಪವಾಸ ಬೀಳುತ್ತದಲ್ಲಾ ಎಂದು ಆಗ ನನಗೆ ಜೀವ ಹೋದಂತಾಯಿತು.

ಮಿಂಕಾ ಹಿಂಬಾಗಿಲಿನಿಂದ ಮೂಟೆ ಹೊತ್ತುಕೊಂಡು ಬಂದು ಮಾವನ ಮುಂದೆ ಧೊಪ್ಪನೆ ಇಳಿಸಿದಳು. “ಯಜಮಾನ, ನೀನೇ ನ್ಯಾಯ ಹೇಳು. ವ್ಯಾನಿಂದ ಇಳ್ಸೋಳು ನಾನು, ಅಂಗ್ಡೀಲಿ ಜೋಡ್ಸೋಳು ನಾನು. ನನ್ ಸೊಂಟ ಮುರ್ದೈತೆ. ಈ ನನ್ಮಗ ಹುಟ್ಟಿದಾಗಿಂದ ಒಂದು ಮೂಟೆ ಮುಟ್ಟಿದಾನಾ?”

“ಮುಟ್ಟಿದೀನಿ!” ದೂರದಿಂದ ಗಾವ್ರಿಲ್ ಅರಚಿದ. “ಎಲ್ಲಾ ಮೂಟೇನೂ ಮುಟ್ಟಿದೀನಿ!”

ಮಾವನ ಕೈಗೆ ಬಟ್ಟೆ ಸುತ್ತಿದ್ದೆವು, ರಕ್ತ ಇನ್ನೂ ಒಸರುತ್ತಿತ್ತು. ಅವನು ಗಾವ್ರಿಲ್‌ನ ಮೆತ್ತನೆಯ ಹೊಟ್ಟೆಯನ್ನೂ ಮಿಂಕಾಳ ಭುಜವನ್ನೂ ತುಂಬ ಹೊತ್ತು ನೋಡಿದ. “ಮುಟ್ಟಿಲ್ಲ,” ಎಂದ. “ಕೆಲ್ಸ ಅನ್ನೋದನ್ನೇ ಮುಟ್ಟಿಲ್ಲ ಇವ್ನು. ಶುದ್ಧವಾಗೈತೆ ಹಿಟ್ಟು. ಒಲೆ ಹಚ್ಚಿ.” ಬಾಯಿ ತುಂಬ ರಕ್ತವಿದ್ದರೂ ನಾನು ನಕ್ಕೆ. ಓಣಿಯೂ ನಕ್ಕಿತು.

ಗಾವ್ರಿಲ್ ಬೇಲಿಯ ಬಳಿ ಹೋಗಿ ಪೊಲೀಸರ ಕಾಲು ಹಿಡಿದ. “ನಾನು ಸಾರ್, ಗಾವ್ರಿಲ್. ನಿಮ್ಮೋನು.” ಅವರು ಬಂದೂಕಿನ ಹಿಡಿಯಿಂದ ಅವನ ಎದೆಗೆ ತಿವಿದು, “ಒಳಗಿರೋ, ಜಿಪ್ಸಿ,” ಎಂದರು. ಅವನು ತಂತಿಯ ಪಕ್ಕದಲ್ಲೇ ಮುದುರಿ ಕೂತ.

ನಾಳೆ ಲಾರಿ ಬರುವುದು ಎಲ್ಲರಿಗೂ ಗೊತ್ತಿತ್ತು. ಗಂಡಸರು ಮುಂದೆ ನಿಂತರೆ ಗುಂಡು ಹೊಡೆಯುತ್ತಾರೆ, ಅದೂ ಗೊತ್ತಿತ್ತು. ಓಣಿಯ ಬಾಯಿಗೆ ಅಡ್ಡಲಾಗಿ ಹೆಂಗಸರೇ ಕೂರುವುದು, ಲಂಗ ಹರಡಿಕೊಂಡು ಕೂರುವುದು ಎಂದಾಯಿತು.

“ನಮ್ಮೋರಾದ್ರೆ ದಾಟಲ್ಲ. ಅವ್ರಿಗೆ ಲಂಗ ಅಂದ್ರೆ ಬರೀ ಬಟ್ಟೆ ಕಣೇ. ತುಳ್ಕೊಂಡು ಬರ್ತಾರೆ,” ಎಂದಳು ಸ್ತೋಯ್ಕಾ. ಅವಳ ಪಾದಗಳಿಗೆ ಮಿಂಕಾ ಕೊಟ್ಟ ಮೊಸರು ಬಳಿದಿದ್ದೆವು.

ಆಗ ಎರಿನಾ ಕಿಟಕಿಯಿಂದ ಕೂಗಿದಳು. ಎಲ್ಲ ಕೇಳಿಸಿಕೊಂಡಿದ್ದಳು. “ನಾನೂ ಬಂದು ಕೂರ್ತೀನಿ.”

“ನೀನ್ ಬ್ಯಾಡ. ನಿಂಗೆ ಎದ್ದು ನಿಲ್ಲಕ್ಕಾಗಲ್ಲ,” ಎಂದೆ.

“ಹಂಗಾದ್ರೆ ಇದನ್ನ ಕೂರ್ಸು.” ಕಿಟಕಿಯಿಂದ ಒಂದು ಲಂಗ ಹೊರಗೆ ಬಿತ್ತು. ಜ್ವರದ ಬೆವರಿಗೆ ನೆನೆದು ಒಣಗಿ ಮತ್ತೆ ನೆನೆದದ್ದು. “ಅವ್ರ ಮೈಲಿಗೆ ಬೇರೆ ಐತಲ್ಲೇ ರುಸಾ.”

ಅದನ್ನು ಕೋಲಿನಿಂದ ಎತ್ತಿ ತಂದು ನಮ್ಮ ಸಾಲಿನ ಮುಂದೆ ಹರಡಿದೆ. ಮಾವ ಎಡಗೈಯಲ್ಲಿ ತನ್ನ ತಾಮ್ರ ಬಡಿಯುವ ಸಾಮಾನಿನ ಚೀಲ ಎಳೆದು ತಂದು ನಮ್ಮೆಲ್ಲರಿಗೂ ಒಂದೊಂದು ಸುತ್ತಿಗೆ ಹಂಚಿದ. ಹೆಂಗಸರು ತನ್ನ ಸಾಮಾನು ಮುಟ್ಟುವುದನ್ನು ಅವನು ಹಿಂದೆಂದೂ ಸಹಿಸಿದವನಲ್ಲ.

ಬೆಳಿಗ್ಗೆ ಲಾರಿ ಬಂತು. ನಮ್ಮ ಹಿಂದೆ ಕೊಪ್ಪರಿಗೆ ಕುದಿಯುತ್ತಿತ್ತು. ಕೊಲೆವ್ ಇಳಿದು ನಮ್ಮ ಸಾಲನ್ನು ನೋಡಿ ನಕ್ಕ. ಹಿಂದಿದ್ದವರಿಗೆ ಬನ್ನಿ ಎಂದು ಕೈ ಬೀಸಿ, ಲಂಗ ತುಳಿಯಲು ಬೂಟು ಎತ್ತಿದ.

“ತುಳೀರಿ ಸಾರ್,” ಎಂದೆ. ಮುರಿದ ಹಲ್ಲಿನಿಂದ ಮಾತು ಸೀಟಿ ಹೊಡೆಯಿತು. “ಎರಿನಾಂದು. ನೀವೇ ಕೆಂಪು ಪಟ್ಟಿ ಅಂಟ್ಸಿದ್ರಲ್ಲ, ಆ ಮನೇದು.”

ಅವನ ಬೂಟು ಗಾಳಿಯಲ್ಲೇ ನಿಂತಿತು. ಮುಂದೂ ಬರಲಿಲ್ಲ, ಹಿಂದೂ ಹೋಗಲಿಲ್ಲ. ಅವನ ಕೈ ಸೊಂಟದ ಪಿಸ್ತೂಲಿನ ಕಡೆ ಜಾರಿತು. ನಾನು ಲಂಗದಡಿಯಲ್ಲಿ ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದೆ.