ಒಂದೆಲಗದ ರಸ

ಅತ್ತೆ ಹಾಲಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ನಿರ್ಮಲಮ್ಮ ಎದೆಯ ಸುತ್ತ ಬಿಳಿ ಬಟ್ಟೆ ಬಿಗಿಯುತ್ತಿದ್ದಳು. ಅಷ್ಟರಲ್ಲಿ ಹೊನ್ನಾಳಿ ಬಸ್ಸಿಳಿದು ಓರಗಿತ್ತಿ ಸಂಧ್ಯಾರಾಣಿ ಬಂದಳು. ಪಡಸಾಲೆಯ ಹೆಂಗಸರೆಲ್ಲ ಅವಳತ್ತ ತಿರುಗಿದರು.

"ಬಾರಮ್ಮ, ಕೊನೇ ತನಕ ನಿನ್ ಹೆಸ್ರೇ ಹೇಳ್ತಿದ್ಲು ನಿಮ್ಮತ್ತೆ," ಎಂದಳು ಪಕ್ಕದ ಮನೆಯ ಹೇಮಾವತಿ.

ನಿರ್ಮಲಮ್ಮನ ಹೊಟ್ಟೆ ಉರಿಯಿತು. ಹೆಣದ ಮುಂದೆಯೂ ಉರಿಯಿತು. ಉಣ್ಣಿಸಿ, ತೊಳೆದು, ಬಳಿದವಳು ತಾನು. ಹೆಸರು ಮಾತ್ರ ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡಿದು ಬರುವ ಚಿಕ್ಕ ಸೊಸೆಗೆ!

*

ಎರಡು ವರ್ಷದ ಕೆಳಗೆ ಹಾಲಮ್ಮನಿಗೆ ಮರೆವು ಶುರುವಾಗಿತ್ತು. ಚನ್ನಗಿರಿಯ ತನ್ನದೇ ಬೀದಿಯಲ್ಲಿ ಮನೆ ಸಿಗದೆ ಗಾಬರಿಯಾಗಿ ಅಳುತ್ತಿದ್ದಳು. ನ್ಯಾಮತಿಯ ನಾಟಿ ವೈದ್ಯರು ಒಂದೆಲಗದ ರಸ ಕೊಡಲು ಹೇಳಿದರು. ನಿರ್ಮಲಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಳ್ಳಿ ನೆಟ್ಟು, ದಿನಾ ಬೆಳಿಗ್ಗೆ ಅರೆದು ಕುಡಿಸಿದಳು. ಮುದುಕಿಯ ಗಾಬರಿ ಇಳಿಯಿತು. ಒಂದು ದಿನ ಲೋಟ ಕೆಳಗಿಟ್ಟು ಕೇಳಿದಳು: "ಸಂಧ್ಯಾ ಯಾವಾಗ ಬರ್ತಾಳೆ?"

"ನಾನ್ಯಾರು ಹೇಳ್ರಿ ಅತ್ತೆ?"

ಹಾಲಮ್ಮ ನಕ್ಕಳು. ಹೆಸರು ಹೇಳಲಿಲ್ಲ.

ನನ್ನ ರಸ ಕುಡಿದು ಅವಳನ್ನು ನೆನೆಯುವುದು ಬೇಡ ಎಂದುಕೊಂಡ ನಿರ್ಮಲಮ್ಮ ಮರುದಿನದಿಂದ ಕೊತ್ತಂಬರಿ ಸೊಪ್ಪು ಅರೆದು ಕೊಟ್ಟಳು. ಹಾಲಮ್ಮ ಒಂದು ಗುಟುಕು ಕುಡಿದು, ಸೊಸೆಯ ಮುಖ ನೋಡಿ, ಉಳಿದದ್ದನ್ನೂ ಕುಡಿದಳು.

*

"ಅಕ್ಕ, ಮಡಿಲಲ್ಲಿ ಇಡಾಕೆ ಅತ್ತೆ ಎಲೆಅಡಿಕೆ ಸಂಚಿ ಎಲ್ಲೈತ್ರಿ?" ಎಂದಳು ಸಂಧ್ಯಾರಾಣಿ.

"ಇಲ್ಲೇ ಐತೆ. ತಡಿ, ಸುಣ್ಣದ ಡಬ್ಬಿ ತೆಗೀತೀನಿ," ಎಂದು ನಿರ್ಮಲಮ್ಮ ಸಂಚಿ ಬಿಚ್ಚಿದಳು.

ಡಬ್ಬಿಯ ಕೆಳಗೆ ಮಡಚಿದ ಬಸ್ ಟಿಕೆಟ್‌ಗಳಿದ್ದವು. ಮುಂದಿನ ಅಚ್ಚು ಮಾಸಿತ್ತು. ಹಿಂದೆ ಪೆನ್ನಿನಲ್ಲಿ ಬರೆದಿತ್ತು: 'ರಸ ಕೊಡೋಳು ನಿರ್ಮಲ. ದೊಡ್ಡ ಸೊಸೆ.' ಎಲ್ಲದರ ಮೇಲೂ ಅದೇ.

"ಏನೇ ಇದು?"

"ಬಂದಾಗೆಲ್ಲ ನನ್ ಕೈಲಿ ಬರೆಸ್ಕಣೋರು. ಎಲ್ಲಿಟ್ಟೆ ಅಂತ ಮರೆತು, ಮತ್ತೆ ಬರೆಸ್ಕಣಾಕೆ ನಾನು ಬರೋದನ್ನೇ ಕಾಯೋರು. ನಿಮ್ಮನ್ನೇ ಹೆಸ್ರು ಕೇಳಾಕೆ ನಾಚಿಕೆ ಅಂತಿದ್ರು."

ಕೊನೆಯ ಟಿಕೆಟ್ಟಿನಲ್ಲಿ ಇನ್ನೊಂದು ಸಾಲಿತ್ತು: 'ಈಗ ಕೊತ್ತಂಬರಿ ಕೊಡ್ತಾಳೆ. ಕೇಳಬಾರದು. ಪಾಪ, ದಣಿದಿದಾಳೆ.'

ನಿರ್ಮಲಮ್ಮ ಆ ಟಿಕೆಟ್ಟನ್ನು ಮತ್ತೆ ಮಡಚಿದಳು. "ನೀನೂ ಕೇಳ್ಲಿಲ್ಲ."

"ಅತ್ತೆ ಬ್ಯಾಡ ಅಂದಿದ್ರು."

ಹೊರಗೆ ಭಜನೆಯವರ ತಾಳ ಶುರುವಾಯಿತು. ನಿರ್ಮಲಮ್ಮ ಹಿತ್ತಲಿಗೆ ಓಡಿದಳು. ಕೀಳುವವರಿಲ್ಲದೆ ಒಂದೆಲಗ ಒಗೆಯುವ ಕಲ್ಲನ್ನೇ ಮುಚ್ಚಿತ್ತು. ಬೇರು ಸಮೇತ ಒಂದು ಬೊಗಸೆ ಕಿತ್ತು ತಂದು, ಬಿಲ್ವಪತ್ರೆಯ ಮೇಲೆ, ಅತ್ತೆಯ ಮಡಿಲಿಗೆ ಸುರಿದಳು. ಬಿಳಿ ಬಟ್ಟೆಗೆ ಹಸಿ ಮಣ್ಣು ಅಂಟಿತು. ಒರೆಸಲು ಬಂದ ಹೇಮಾವತಿಯ ಕೈಯನ್ನು ಸಂಧ್ಯಾರಾಣಿ ಹಿಡಿದುಕೊಂಡಳು.