ನೂರಕ್ಕೆ ಎಂಬತ್ತು

“ಹೋದ ಸಲ ನೂರಕ್ಕೆ ಎಂಬತ್ತು ತಗಂಡಿದ್ಲು ನರ್ಸಮ್ಮಾರೆ. ನಮ್ಮ ವಂಶದಾಗೇ ಯಾರೂ ತಗಂಡಿಲ್ಲ!” ಜುಂಜಣ್ಣ ತೊಡೆ ತಟ್ಟಿಕೊಂಡು ನಕ್ಕ.

ಏಕನಾಥಮ್ಮನಿಗೆ ನಗು ಬರಲಿಲ್ಲ. ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರ ಮನೆಗೆ ಹೋಗಿ, ಅವರು ಹೇಗೆ ಬದುಕುತ್ತಿದ್ದಾರೆಂದು ಕಾರ್ಡಿನಲ್ಲಿ ಅಂಕ ಹಾಕಿ ಕಳಿಸುವುದು ಅವಳ ಕೆಲಸ. ಐವತ್ತಕ್ಕಿಂತ ಕಡಿಮೆ ಬಂದವರನ್ನು ಮಾತ್ರ ದೊಡ್ಡಾಸ್ಪತ್ರೆಯವರು ಕರೆಸಿ ಸೇರಿಸಿಕೊಳ್ಳುತ್ತಿದ್ದರು. ಮೂರು ತಿಂಗಳ ಹಿಂದೆ ಇವನ ಹೆಂಡತಿ ಕೆಂಚಕ್ಕ ತಾನೇ ಎದ್ದು ಮಜ್ಜಿಗೆ ತಂದುಕೊಟ್ಟಿದ್ದಳು. ಏಕನಾಥಮ್ಮ ಅದನ್ನು ಕುಡಿದು, ಬಾಯಿ ಒರೆಸಿಕೊಂಡು, ‘ಮನೆಗೆಲಸ ಮಾಡಬಲ್ಲರು’ ಎಂಬಲ್ಲಿ ಗುರುತು ಹಾಕಿ ಎಂಬತ್ತು ಬರೆದಿದ್ದಳು. ಆಸ್ಪತ್ರೆಯಿಂದ ಕರೆ ಬರಲೇ ಇಲ್ಲ.

“ಮುದ್ದೆ ಮಾಡ್ತಾರಾ?”

“ಎರಡು ಹೊತ್ತೂ ಮಾಡ್ತಾಳೆ. ಎಂಬತ್ತೈದು ಬರ್ಕಳ್ರಿ. ಆಸ್ಪತ್ರೆಗೆ ಹೋಗಿ ಮಲಿಕ್ಕಂಡ್ರೆ ನಂಗ್ಯಾರು ಬೇಯ್ಸಿ ಹಾಕ್ತಾರೆ?” ಅವನು ಹಲ್ಲಿನ ಸಂದಿಯ ಅಡಿಕೆ ಚೂರನ್ನು ಉಗುರಿನಿಂದ ಕೆದಕಿ ತೆಗೆದು, ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ.

ಒಳಗೆ ಒಲೆ ಊದುವ ಸದ್ದು.

“ಕೆಂಚಕ್ಕಾ, ಏನೂ ಬ್ಯಾಡ, ಕುಂತ್ಕಳ್ರಿ!”

“ಮನೆಗೆ ಬಂದೋರ್ನ ಹಂಗೇ ಕಳಿಸ್ಲೇನ್ರಿ?” ಎಂದ ದನಿ ಕಡಿದು, ವಾಂತಿ ಮಾಡುವ ಸದ್ದು ಕೇಳಿತು. ಏಕನಾಥಮ್ಮ ಎದ್ದು ಒಳಗೆ ಹೋದಳು.

ಒಲೆಯ ಪಕ್ಕ ಒಂದು ಬೋಗುಣಿ. ಮೇಲೆ ಬೂದಿ ಎರಚಿದ್ದರೂ ಹುಳಿ ವಾಸನೆ ಮೂಗಿಗೆ ಅಡರಿತು. ಗೋಡೆಗೆ ಒರಗಿದ್ದ ಕೆಂಚಕ್ಕನ ಸೀರೆಯ ಕೆಳಗೆ ಹಳೆ ಪಂಚೆಯೊಂದನ್ನು ಹೊಟ್ಟೆಗೆ ಬಿಗಿದು ಕಟ್ಟಿತ್ತು. ಗಂಟು ಬಿಚ್ಚಿದರೆ, ನೀರು ತುಂಬಿದ ಹೊಟ್ಟೆ ಮುಂದಕ್ಕೆ ಜಾರಿತು. ಬಟ್ಟೆಯ ಅಂಚು ಕೊರೆದ ಕಡೆ ಚರ್ಮ ಕೆಂಪಗೆ ಜಿನುಗುತ್ತಿತ್ತು.

“ಯಾರು ಕಟ್ಟಿದ್ದಿದು?”

“ನಾನೇಯ. ಹೊಟ್ಟೆ ಕಂಡ್ರೆ ಮಾರ್ಕ್ಸ್ ಕಮ್ಮಿ ಹಾಕ್ತೀರಿ ಅಂತ...” ಅವಳು ದನಿ ತಗ್ಗಿಸಿದಳು. “ತಿಂಗ್ಳಿಂದ ಮುದ್ದೆ ಪಕ್ಕದ ಮನೆ ಗಂಗಕ್ಕ ಮಾಡಿ ಹಿತ್ಲಾಗಿಂದ ಕೊಡ್ತಾಳೆ. ಹೇಳ್ಬ್ಯಾಡ್ರಿ. ಇವ್ರು ತಟ್ಟೆ ಬಿಟ್ಟು ತಲೆ ಎತ್ತಿ ನೋಡಾಕಿಲ್ಲ.” ಹೇಳುತ್ತ ನಗಲು ನೋಡಿದಳು.

ಮೂರು ತಿಂಗಳ ಹಿಂದಿನ ಮಜ್ಜಿಗೆ ಈಗ ಬಾಯಿಗೆ ಬಂದಂತಾಯಿತು ಏಕನಾಥಮ್ಮನಿಗೆ. ಆವತ್ತೂ ಪಂಚೆ ಕಟ್ಟಿದ್ದಳೋ ಏನೋ. ಕೇಳುವ ಧೈರ್ಯವಾಗಲಿಲ್ಲ. ಅಲ್ಲೇ ನಿಂತು ಕಾರ್ಡಿನಲ್ಲಿ ಮೂವತ್ತು ಎಂದು ಬರೆದಳು.

ಬಾಗಿಲಲ್ಲಿ ಕತ್ತು ಚಾಚಿದ ಜುಂಜಣ್ಣ ಅದನ್ನು ಓದಿಕೊಂಡ. “ಲೇ, ಫೇಲಾದೆ ನೋಡು!”

ಕೆಂಚಕ್ಕನ ಮುಖ ಸಣ್ಣಗಾಯಿತು.

“ನಾಳೆ ಗಾಡಿ ಕಟ್ಕಂಡು ಚಿಕ್ಕಜಾಜೂರು ಸ್ಟೇಷನ್ನಿಗೆ ಕರ್ಕಂಬರ್ರಿ. ದೊಡ್ಡಾಸ್ಪತ್ರೆಗೆ ರೈಲು ನಾನೇ ಹತ್ತಿಸ್ತೀನಿ,” ಎಂದಳು ಏಕನಾಥಮ್ಮ. ಅವನ ಮುಖ ನೋಡಲಿಲ್ಲ. ನೋಡಿದರೆ ಉಗಿದುಬಿಡುತ್ತೇನೆಂದು ಅವಳಿಗೆ ಹೆದರಿಕೆಯಾಯಿತು. ಎಂಬತ್ತು ಬರೆದ ತನ್ನ ಮುಖವನ್ನಾದರೂ ಹೇಗೆ ನೋಡಿಕೊಳ್ಳುವುದು?

ಹೊರಡುವಾಗ ಕೆಂಚಕ್ಕ ಗೋಡೆ ಹಿಡಿದುಕೊಂಡು ಕುಂಕುಮದ ಭರಣಿ ತಂದಳು. ಬೆನ್ನು ನೆಟ್ಟಗೆ ಮಾಡಿ ನಿಂತು ಕೈ ಎತ್ತಿದಳು. ಕೈ ಎದೆಯ ತನಕ ಬಂದು, ಮೇಲೇಳದೆ ನಿಂತಿತು. ಏಕನಾಥಮ್ಮ ಚೀಲ ಕೆಳಗಿಟ್ಟು, ನೆಲಕ್ಕೆ ಮಂಡಿಯೂರಿ, ಹುಳಿ ವಾಸನೆಯ ಆ ಬೆರಳಿಗೆ ಹಣೆ ಒಡ್ಡಿದಳು.